ಐದು ಸ್ಟಾರ್ ಕೊಟ್ಟಿದ್ದು ಮೇ ತಿಂಗಳಲ್ಲಿ, ಸೋರಿದ್ದು ಪುಷ್ಯ ಮಳೆಯಲ್ಲಿ

ಚಿಕ್ಕಮಗಳೂರಿನ ನಮ್ಮ ಮನೆಯ ಮಹಡಿ ಮೇಲಿನ ಬಚ್ಚಲನ್ನು ಮೂರು ವರ್ಷದ ಹಿಂದೆ ಹೊಸದಾಗಿ ಮಾಡಿಸಿದೆವು. ಹಳೇ ಟೈಲ್ಸ್ ಕಿತ್ತರು, ಪೈಪ್ ಬದಲಿಸಿದರು, ಗೋಡೆಗೆ ಏಳು ಅಡಿವರೆಗೆ ಬೂದು ಬಣ್ಣದ ಟೈಲ್ಸ್ ಹಾಕಿದರು. ಗೀಸರ್, ಕಮೋಡು, ಗಾಜಿನ ಪಾರ್ಟಿಷನ್ ಎಲ್ಲ ಬಂತು. ಕೆಲಸ ಮುಗಿದಿದ್ದು ಮೇ ಕೊನೆಯ ವಾರ. ಅವತ್ತು ಸಂಜೆ ಕೆಲಸದ ಉಸ್ತುವಾರಿ ನೋಡುತ್ತಿದ್ದ ಹುಡುಗ ನೆಲ ಒರೆಸಿ, ಲೈಟ್ ಹಾಕಿ, "ಸರ್, ಒಂದು ರಿವ್ಯೂ ಹಾಕ್ಬಿಡಿ" ಎಂದು ಕ್ಯೂಆರ್ ಕೋಡ್ ಇದ್ದ ಕಾರ್ಡ್ ಹಿಡಿದು ನಿಂತ. ಟೈಲ್ಸ್ ಫಳಫಳ ಹೊಳೆಯುತ್ತಿತ್ತು. ಹುಡುಗ ಹದಿನೆಂಟು ದಿನ ನಮ್ಮ ಮನೆಯಲ್ಲೇ ಕಾಫಿ ಕುಡಿದಿದ್ದ. ಅವನ ಎದುರಿಗೇ ಐದು ಸ್ಟಾರ್ ಒತ್ತಿ, "ತುಂಬಾ ಚೆನ್ನಾಗಿ ಮಾಡಿದ್ದಾರೆ, ಒಳ್ಳೆ ಹುಡುಗರು" ಎಂದು ಬರೆದೆ.

ಜುಲೈ ಕೊನೆಗೆ ಪುಷ್ಯ ಮಳೆ ಹಿಡಿಯಿತು. ಬಚ್ಚಲಿನ ಕೆಳಗೆ ಅಮ್ಮನ ಕೋಣೆ. ಅಲ್ಲಿನ ಸೀಲಿಂಗ್‌ನಲ್ಲಿ ಮೊದಲು ಅಂಗೈಯಷ್ಟು ಕಂದು ಕಲೆ ಕಾಣಿಸಿತು. ಹತ್ತು ದಿನದಲ್ಲಿ ಅದು ಮೊರದಷ್ಟು ಅಗಲವಾಯಿತು. ಪೇಂಟ್ ಹೊಪ್ಪಳಿಸಿ ಹಾಸಿಗೆ ಮೇಲೆ ಉದುರತೊಡಗಿತು. ಫೋನ್ ಮಾಡಿದರೆ "ಮಳೆ ನಿಲ್ಲಲಿ ಸರ್, ಬರ್ತೀವಿ" ಎಂದರು. ಅಕ್ಟೋಬರ್‌ನಲ್ಲಿ ಬಂದು ಟೈಲ್ಸ್ ಸಂದಿಗೆ ಮತ್ತೆ ಗ್ರೌಟ್ ತುಂಬಿ ಹೋದರು. ಮರುವರ್ಷ ಅದೇ ಪುಷ್ಯ ಮಳೆಗೆ ಅದೇ ಜಾಗದಲ್ಲಿ ಕಲೆ ಬಂತು.

ಈಗ ನನ್ನ ಆ ರಿವ್ಯೂ ನೋಡಿ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಹುಡುಗರು ಒಳ್ಳೆಯವರೇ. ಟೈಲ್ಸ್ ಕೆಲಸ ಅಚ್ಚುಕಟ್ಟಾಗೇ ಇತ್ತು. ಆದರೆ ಬಚ್ಚಲು ನೀರು ಹಿಡಿದು ನಿಲ್ಲುತ್ತದೋ ಇಲ್ಲವೋ ಎಂಬುದು ಅವತ್ತು ಸಂಜೆ ನನಗೆ ಗೊತ್ತಾಗುವ ಹಾಗೇ ಇರಲಿಲ್ಲ. ಆನ್‌ಲೈನ್ ರಿವ್ಯೂ ಎಂದರೆ ಎಲ್ಲರೂ ನಕಲಿ ರಿವ್ಯೂ ಬಗ್ಗೆ ಮಾತಾಡುತ್ತಾರೆ. ಬಚ್ಚಲಿನ ವಿಷಯದಲ್ಲಿ ನನ್ನಂಥವರು ಕಾಲಕ್ಕೆ ಮೊದಲೇ ಬರೆದ ಪ್ರಾಮಾಣಿಕ ರಿವ್ಯೂಗಳೇ ಹೆಚ್ಚು ದಾರಿ ತಪ್ಪಿಸುತ್ತವೆ ಎಂದು ನನಗೆ ಅನಿಸುತ್ತದೆ.

ಯಾಕೆ ಹೀಗೆ? ಬಚ್ಚಲಿನಲ್ಲಿ ಮುಖ್ಯವಾದ ಕೆಲಸವೆಲ್ಲ ಟೈಲ್ಸ್ ಕೆಳಗೆ ಹೂತುಹೋಗುತ್ತದೆ. ಟೈಲ್ಸ್ ಮತ್ತು ಅದರ ಸಂದಿಯಲ್ಲಿ ತುಂಬುವ ಸಿಮೆಂಟ್ ಗ್ರೌಟ್ ನೀರನ್ನು ಪೂರ್ತಿ ತಡೆಯುವುದಿಲ್ಲ. ತಡೆಯುವುದು ಅದರ ಕೆಳಗೆ ಬಳಿಯುವ ವಾಟರ್‌ಪ್ರೂಫಿಂಗ್ ಪದರ. ನೆಲ ಮತ್ತು ಗೋಡೆ ಸೇರುವ ಮೂಲೆಯಲ್ಲಿ ಗಾರೆಯನ್ನು ದುಂಡಗೆ ಮಾಡಬೇಕು, ಮೇಲೆ ಜಾಲರಿ ಬಟ್ಟೆ ಕೂರಿಸಬೇಕು, ಕೋಟಿಂಗ್ ಅನ್ನು ಗೋಡೆಗೂ ಏರಿಸಬೇಕು. ಸ್ನಾನ ಮಾಡುವ ಕಡೆ ತಲೆ ಎತ್ತರದವರೆಗೂ ಏರಿಸಬೇಕು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ನಹಾನಿ ಟ್ರ್ಯಾಪ್, ಅಂದರೆ ನೆಲದ ನೀರು ಪೈಪಿಗೆ ಇಳಿಯುವ ಕಿಂಡಿಯ ಸುತ್ತಲಿನ ಜಾಗ. ಪ್ಲಾಸ್ಟಿಕ್ ಪೈಪಿಗೂ ಸಿಮೆಂಟಿಗೂ ಸಹಜವಾಗಿ ಅಂಟು ಬೀಳುವುದಿಲ್ಲ. ಅಲ್ಲಿ ಕೂದಲೆಳೆಯಷ್ಟು ಸಂದಿ ಉಳಿದರೂ ಸಾಕು, ದಿನಾ ನಾಲ್ಕು ಜನರ ಸ್ನಾನದ ನೀರು ಅಲ್ಲಿಂದಲೇ ಇಳಿಯುತ್ತದೆ. ನಮ್ಮ ಬಚ್ಚಲನ್ನು ಕೊನೆಗೆ ಒಡೆಸಿದಾಗ ಕಂಡಿದ್ದು ಇದೇ. ನೆಲಕ್ಕೆಲ್ಲ ಕೋಟಿಂಗ್ ಬಳಿದಿದ್ದರು, ಟ್ರ್ಯಾಪ್ ಸುತ್ತ ಮಾತ್ರ ಬರೀ ಸಿಮೆಂಟ್ ಮೆತ್ತಿದ್ದರು. ಕೆಲಸಗಾರ ಬೆರಳಲ್ಲಿ ಒತ್ತಿದರೆ ಆ ಸಿಮೆಂಟ್ ಒದ್ದೆ ಮಣ್ಣಿನ ಹಾಗೆ ಪುಡಿಯಾಯಿತು.

ಇದು ಬೇಸಿಗೆಯಲ್ಲಿ ಯಾಕೆ ಕಾಣಲಿಲ್ಲ ಎಂದು ನನಗೂ ಆಶ್ಚರ್ಯವಾಗಿತ್ತು. ಸ್ನಾನದ ನೀರು ಮೇ ತಿಂಗಳಲ್ಲೂ ಇಳಿಯುತ್ತಲೇ ಇತ್ತಲ್ಲ! ಆದರೆ ಒಣ ಹವೆಯಲ್ಲಿ ಸ್ವಲ್ಪ ಜಿನುಗಿದ ನೀರು ಕಾಂಕ್ರೀಟಿನಿಂದ ಅಲ್ಲಲ್ಲೇ ಆರಿಹೋಗುತ್ತದೆ. ಮಳೆಗಾಲದಲ್ಲಿ ಗಾಳಿಯೇ ಒದ್ದೆ. ಬಟ್ಟೆ ನಾಲ್ಕು ದಿನವಾದರೂ ಒಣಗದ ಊರಿನಲ್ಲಿ ಗೋಡೆ ಒಣಗುತ್ತದಾ? ಜಿನುಗಿದ್ದೆಲ್ಲ ಒಳಗೇ ಸೇರಿಕೊಂಡು ಕಲೆಯಾಗಿ, ಬೂಷ್ಟಾಗಿ ಹೊರಗೆ ಬರುತ್ತದೆ. ಬಚ್ಚಲಿನ ಒಂದು ಗೋಡೆ ಹೊರಗೋಡೆಯಾಗಿದ್ದರೆ ಅದರ ಮೇಲೆ ಮಳೆಯ ಇರಚಲು ಬೇರೆ.

ನನ್ನ ಅಜ್ಜಿಮನೆಯಲ್ಲಿ ಬಚ್ಚಲುಮನೆ ಹಿತ್ತಿಲ ಕಡೆ ಇತ್ತು. ಕಲ್ಲುಚಪ್ಪಡಿ ನೆಲ, ಮೂಲೆಯಲ್ಲಿ ಹಂಡೆ, ಒಲೆ. ನೀರು ಹರಿದು ಬಾಳೆ ಬುಡಕ್ಕೆ ಹೋಗುತ್ತಿತ್ತು. ಸೋರಿದರೆ ಯಾರಿಗೂ ನಷ್ಟವಿರಲಿಲ್ಲ. ಈಗ ಮಲಗುವ ಕೋಣೆಯ ತಲೆ ಮೇಲೆ ಅಟ್ಯಾಚ್ಡ್ ಬಾತ್‌ರೂಮ್ ಇದೆ. ತಪ್ಪಾದರೆ ಎರಡು ಕೋಣೆ ಹಾಳಾಗುತ್ತದೆ.

ನಮ್ಮ ಕಡೆ ಇನ್ನೊಂದು ವಿಷಯವಿದೆ. ಮನೆ ರಿಪೇರಿಗೆ ಕೈ ಹಾಕುವುದೇ ಕಾಫಿ ಕೊಯ್ಲು ಮುಗಿದು ಕೈಗೆ ದುಡ್ಡು ಬಂದ ಮೇಲೆ. ಮಾರ್ಚ್‌ನಿಂದ ಮೇವರೆಗೆ ಮೇಸ್ತ್ರಿಗಳಿಗೆ ಉಸಿರಾಡಲು ಪುರುಸೊತ್ತಿಲ್ಲ. ಮಳೆ ಬೀಳುವ ಮುಂಚೆ ಮುಗಿಯಬೇಕು ಎಂಬ ಆತುರ ಎಲ್ಲರಿಗೂ. ಒಳಗಿನ ಪದರ ಆರಲು ಬಿಡಬೇಕಾದ ದಿನಗಳನ್ನು ಆ ಆತುರ ನುಂಗುತ್ತದೆ. ರಿವ್ಯೂ ಬೀಳುವುದೂ ಅದೇ ಏಪ್ರಿಲ್, ಮೇನಲ್ಲಿ. ಹಾಗಾಗಿ ಕಂಪನಿಯ ಗೂಗಲ್ ಪೇಜ್ ತೆರೆದಾಗ ನಾನು ಮೊದಲು ನೋಡುವುದು ತಿಂಗಳನ್ನು. "ಮೂರು ತಿಂಗಳ ಹಿಂದೆ", "ಒಂದು ವರ್ಷದ ಹಿಂದೆ" ಎಂದು ಇರುತ್ತದಲ್ಲ, ಲೆಕ್ಕ ಹಾಕಿದರೆ ಬೇಸಿಗೆಯೋ ಮಳೆಗಾಲವೋ ಸುಮಾರಾಗಿ ತಿಳಿಯುತ್ತದೆ. ಮೇನಲ್ಲಿ ಬರೆದ ಮೂವತ್ತು ಹೊಗಳಿಕೆಗಿಂತ, ಸೆಪ್ಟೆಂಬರ್‌ನಲ್ಲಿ ಯಾರೋ ಬರೆದ "ಹೋದ ವರ್ಷ ಮಾಡಿಸಿದ್ದು, ಎರಡು ಮಳೆಗಾಲ ಕಳೆಯಿತು, ಏನೂ ತೊಂದರೆ ಇಲ್ಲ" ಎಂಬ ಒಂದು ಸಾಲು ನನಗೆ ದೊಡ್ಡದು. ಬರೆದವರು ಆಮೇಲೆ ತಿದ್ದಿದ್ದರೆ ಗೂಗಲ್‌ನಲ್ಲಿ ಅದೂ ಗೊತ್ತಾಗುತ್ತದೆ. ತಿದ್ದಿದ ರಿವ್ಯೂ ಕಂಡರೆ ಪೂರ್ತಿ ಓದಿ. ಅಲ್ಲಿ ಏನೋ ನಡೆದಿರುತ್ತದೆ.

ಇನ್ನು ಸ್ಟಾರ್ ಲೆಕ್ಕ. ಹತ್ತು ಜನ ಐದು ಸ್ಟಾರ್ ಕೊಟ್ಟ ಕಂಪನಿಗೆ ಸರಾಸರಿ 5. ಮುಂದೆ ಇಬ್ಬರು ಒಂದೊಂದು ಸ್ಟಾರ್ ಕೊಟ್ಟರೆ ಅದು 4.3ಕ್ಕೆ ಕುಸಿಯುತ್ತದೆ. ಇನ್ನೂರು ಜನರಿಂದ 4.5 ಪಡೆದ ಕಂಪನಿಗೆ ಅದೇ ಇಬ್ಬರು ಒಂದು ಸ್ಟಾರ್ ಕೊಟ್ಟರೆ ಸರಾಸರಿ ಅಲ್ಲಾಡುವುದೇ ಇಲ್ಲ. ನಮ್ಮಂಥ ಊರಿನಲ್ಲಿ ಇಂಥ ಕೆಲಸದವರಿಗೆ ಸಿಗುವುದೇ ಹತ್ತಿಪ್ಪತ್ತು ರಿವ್ಯೂ. ಅದರಲ್ಲಿ ನಾಲ್ಕು ನೆಂಟರದ್ದಾದರೂ ಚಿತ್ರ ಬದಲಾಗುತ್ತದೆ. ಹಾಗಾಗಿ 4.8 ದೊಡ್ಡದೋ 4.6 ದೊಡ್ಡದೋ ಎಂದು ತೂಗುತ್ತಾ ಕೂರುವುದು ಸುಮ್ನೆ ಹೊತ್ತು ಕಳೆದ ಹಾಗೆ. ಆದರೆ ಕಂಪನಿಗಳಿಗೆ ಆ ಪಾಯಿಂಟ್‌ಗಳು ದುಡ್ಡು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಮೈಕಲ್ ಲೂಕಾ 2011ರಲ್ಲಿ ಅಮೆರಿಕದ ಸಿಯಾಟಲ್‌ನ ರೆಸ್ಟೋರೆಂಟ್‌ಗಳ ಲೆಕ್ಕ ನೋಡಿದ್ದರು. ಯೆಲ್ಪ್ ಎಂಬ ಅಲ್ಲಿನ ರಿವ್ಯೂ ತಾಣದಲ್ಲಿ ಒಂದು ಸ್ಟಾರ್ ಏರಿದರೆ ಆದಾಯ ಶೇಕಡಾ 5ರಿಂದ 9ರಷ್ಟು ಏರುತ್ತಿತ್ತು. ಹುಡುಗನ ಕೈಗೆ ಕ್ಯೂಆರ್ ಕಾರ್ಡ್ ಕೊಟ್ಟು ಕಳಿಸುವುದು ಇದಕ್ಕೇ.

ಕೇಳುವುದು ತಪ್ಪಲ್ಲ. ಕೇಳುವ ಹೊತ್ತು ಮಾತ್ರ ಅವರಿಗೆ ಅನುಕೂಲವಾದದ್ದು.

ಸಣ್ಣ ಊರಿನ ರಿವ್ಯೂ ಓದಲು ದಾಕ್ಷಿಣ್ಯದ ಭಾಷೆ ಗೊತ್ತಿರಬೇಕು. ಬೆಂಗಳೂರಿನಲ್ಲಿ ಸಿಟ್ಟು ಬಂದವರು ಒಂದು ಸ್ಟಾರ್ ಒತ್ತಿ ಮುಂದೆ ಹೋಗುತ್ತಾರೆ. ಇಲ್ಲಿ ಕಾಂಟ್ರಾಕ್ಟರ್ ನಾಳೆ ಎಂ.ಜಿ. ರೋಡಿನಲ್ಲಿ ಎದುರಿಗೆ ಸಿಗುತ್ತಾರೆ. ಅವರ ಅಣ್ಣ ನಮ್ಮ ತಂಗಿಯ ಮಾವನಿಗೆ ಸ್ನೇಹಿತ. ಬೈದು ಬರೆಯಲು ಯಾರಿಗೆ ಮನಸ್ಸು ಬರುತ್ತದೆ? ಬೇಜಾರಾದವರು ಇಲ್ಲಿ ಬರೆಯುವುದೇ ಇಲ್ಲ, ಅಥವಾ ನಾಲ್ಕು ಸ್ಟಾರ್ ಕೊಟ್ಟು, "ಕೆಲಸ ಪರವಾಗಿಲ್ಲ, ಸ್ವಲ್ಪ ಹಿಂದೆ ಬಿದ್ದು ಮಾಡಿಸಬೇಕು" ಎಂದು ಬರೆಯುತ್ತಾರೆ. ಆ "ಪರವಾಗಿಲ್ಲ"ವನ್ನು ಹೊಗಳಿಕೆ ಎಂದು ಓದಬೇಡಿ. "ಸ್ವಲ್ಪ ಲೇಟಾಯ್ತು" ಎಂದರೆ ಒಂದು ತಿಂಗಳು ಸ್ನಾನಕ್ಕೆ ಪಕ್ಕದ ಮನೆಗೆ ಹೋಗಿರಬಹುದು. "ಫೋನ್ ಬೇಗ ಎತ್ತಿದ್ದರೆ ಇನ್ನೂ ಚೆನ್ನಾಗಿತ್ತು" ಎಂದರೆ ಎತ್ತಲೇ ಇಲ್ಲ ಎಂದರ್ಥ. ನಮ್ಮ ಜನ ಮೆತ್ತಗೆ ಹೇಳುತ್ತಾರೆ, ಆದರೆ ಸುಳ್ಳು ಹೇಳುವುದಿಲ್ಲ. ನಾಲ್ಕು ಮತ್ತು ಮೂರು ಸ್ಟಾರಿನ ರಿವ್ಯೂಗಳನ್ನೇ ನಾನು ಎರಡು ಸಲ ಓದುವುದು.

ಗೂಗಲ್ ರಿವ್ಯೂಗಳ ಒಳಗೇ ಹುಡುಕಲು ಬರುತ್ತದೆ. ಲೀಕ್, ವಾಸನೆ, ಸ್ಲೋಪ್ ಎಂಬ ಪದಗಳನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಹಾಕಿ ನೋಡಿ. ಫೋಟೋಗಳಲ್ಲಿ ಹೊಳೆಯುವ ಗೋಡೆ ಬಿಟ್ಟು ನೆಲದ ಮೂಲೆ ನೋಡಿ. ಟ್ರ್ಯಾಪ್ ಪಕ್ಕದ ಟೈಲ್ಸ್ ತುಂಡನ್ನು ಹೇಗೆ ಕತ್ತರಿಸಿದ್ದಾರೆ ಎಂಬುದರಲ್ಲೇ ಕೈಗುಣ ಕಾಣುತ್ತದೆ. ಯಾರಾದರೂ ಟೈಲ್ಸ್ ಹಾಕುವ ಮುಂಚಿನ ಫೋಟೋ, ಅಂದರೆ ಕೋಟಿಂಗ್ ಬಳಿದು ನೀರು ಕಟ್ಟಿ ನಿಲ್ಲಿಸಿದ ಫೋಟೋ ಹಾಕಿದ್ದರೆ ಆ ಕಂಪನಿಯ ನಂಬರ್ ಬರೆದಿಟ್ಟುಕೊಳ್ಳಿ.

ಕಂಪನಿಯವರು ಕೊಡುವ ಉತ್ತರವನ್ನೂ ಓದಬೇಕು. "ನೀವು ನಮ್ಮ ಗ್ರಾಹಕರೇ ಅಲ್ಲ" ಎಂದು ಹರಿಹಾಯ್ದಿದ್ದಾರಾ? "ಕ್ಷಮಿಸಿ, ದಯವಿಟ್ಟು ನಮ್ಮನ್ನು ಸಂಪರ್ಕಿಸಿ" ಎಂದು ಹತ್ತು ಜನಕ್ಕೂ ಅದೇ ಸಾಲು ಅಂಟಿಸಿದ್ದಾರಾ? ಅಥವಾ "ಮಂಗಳವಾರ ಬಂದು ನೋಡಿದೆವು, ಟ್ರ್ಯಾಪ್ ಬದಲಿಸಿದೆವು" ಎಂದು ಆಗಿದ್ದನ್ನು ಹೇಳಿದ್ದಾರಾ? ಬಚ್ಚಲಿನ ಕೆಲಸದಲ್ಲಿ ತಪ್ಪು ಯಾರಿಂದಲಾದರೂ ಆಗುತ್ತದೆ. ವಾಪಸ್ ಬರುವವರು ಬೇಕು. ಒಂದೇ ಒಂದು ಕೆಟ್ಟ ರಿವ್ಯೂಗೆ ಕೊಟ್ಟ ಇಂಥ ಉತ್ತರ ನೋಡಿ ಕಂಪನಿಯನ್ನು ಆರಿಸಿಕೊಂಡರೂ ತಪ್ಪಿಲ್ಲ ಎನ್ನುತ್ತೇನೆ.

ನಕಲಿ ರಿವ್ಯೂಗಳ ವಿಷಯ ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಇದರ ಬಗ್ಗೆ ಬರೆದವರು ಬಹಳ ಜನ. ಒಂದೇ ವಾರದಲ್ಲಿ ಹತ್ತು ಬಿದ್ದಿದ್ದರೆ, ಎಲ್ಲದರಲ್ಲೂ ಕಂಪನಿಯ ಪೂರ್ತಿ ಹೆಸರು ಊರಿನ ಹೆಸರಿನ ಜೊತೆಗೆ ಬಂದಿದ್ದರೆ, ಬರೆದವರು ಅದೇ ತಿಂಗಳು ಸೂರತ್‌ನ ದಂತವೈದ್ಯರನ್ನೂ ಜೈಪುರದ ಜಿಮ್ ಅನ್ನೂ ಹೊಗಳಿದ್ದರೆ ಅನುಮಾನ ಪಡಿ. ಆದರೆ ಆ ಅಕೌಂಟಿನಿಂದ ಒಂದೇ ರಿವ್ಯೂ ಇದೆ ಎಂಬ ಕಾರಣಕ್ಕೆ ನಕಲಿ ಎನ್ನಬೇಡಿ. ನಮ್ಮೂರಿನ ಬಹಳಷ್ಟು ಹಿರಿಯರು ಜೀವನದಲ್ಲಿ ಬರೆದಿರುವುದೇ ಒಂದು ರಿವ್ಯೂ.

ಕಾನೂನು ಇದೆ, ಆದರೆ ಸ್ವಲ್ಪ ದೂರದಲ್ಲಿ ನಿಂತಿದೆ. ಭಾರತೀಯ ಮಾನಕ ಬ್ಯೂರೋ 2022ರ ನವೆಂಬರ್‌ನಲ್ಲಿ ಆನ್‌ಲೈನ್ ರಿವ್ಯೂಗಳಿಗೆಂದೇ ಐಎಸ್ 19000:2022 ಎಂಬ ಮಾನದಂಡ ತಂದಿತು. ರಿವ್ಯೂ ಬರೆದವರು ನಿಜವಾದವರೇ ಎಂದು ಪರಿಶೀಲಿಸಬೇಕು, ದುಡ್ಡು ಕೊಟ್ಟು ಬರೆಸಿದ್ದನ್ನು ಪ್ರಕಟಿಸಬಾರದು ಎಂಬುದು ಅದರ ತಿರುಳು. ಆದರೆ ಅದು ಬಂದಿದ್ದು ಕಡ್ಡಾಯವಾಗಿ ಅಲ್ಲ, ಇಷ್ಟವಿದ್ದವರು ಪಾಲಿಸಲಿ ಎಂಬಂತೆ. ಅದಕ್ಕೂ ಮುಂಚೆ, 2020ರ ಇ-ಕಾಮರ್ಸ್ ನಿಯಮಗಳು ಆನ್‌ಲೈನ್‌ನಲ್ಲಿ ಮಾರುವವರು ತಾವೇ ಗ್ರಾಹಕರೆಂದು ಹೇಳಿಕೊಂಡು ರಿವ್ಯೂ ಹಾಕುವಂತಿಲ್ಲ ಎಂದಿವೆ. ಅಮೆರಿಕ 2024ರ ಅಕ್ಟೋಬರ್‌ನಿಂದ ನಕಲಿ ರಿವ್ಯೂ ಕೊಳ್ಳುವುದು, ಮಾರುವುದನ್ನು ನಿಯಮ ಮಾಡಿ ನಿಷೇಧಿಸಿದೆ. ಇದೆಲ್ಲ ಒಳ್ಳೆಯದೇ. ಆದರೆ ಇದರಲ್ಲಿ ಯಾವುದೂ ನಾನು ಮೇ ತಿಂಗಳಲ್ಲಿ ಬರೆದ ರಿವ್ಯೂವನ್ನು ಮುಟ್ಟುವುದಿಲ್ಲ ನೋಡಿ.

ಬೆಂಗಳೂರಿನ ದೊಡ್ಡ ಕಂಪನಿಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಸಾವಿರಾರು ರಿವ್ಯೂ, ಚಂದದ ತ್ರೀಡಿ ಚಿತ್ರ, ಹತ್ತು ವರ್ಷದ ವಾರಂಟಿ ಎಲ್ಲ ಇರುತ್ತದೆ. ಆದರೆ ಆ ರಿವ್ಯೂಗಳು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳದ್ದು. ನಿಮ್ಮ ಮನೆಗೆ ಬರುವುದು ಅವರು ಇಲ್ಲೇ ಹಿಡಿದ ಒಬ್ಬ ಉಪಗುತ್ತಿಗೆದಾರ ಮತ್ತು ಅವನ ಮೂರು ಜನ. ಅವರ ಕೈಕೆಲಸದ ಬಗ್ಗೆ ಆ ಸಾವಿರ ರಿವ್ಯೂ ಏನೂ ಹೇಳುವುದಿಲ್ಲ. ಊರೂ ಬೇರೆ, ಮಳೆಯೂ ಬೇರೆ. ನಮ್ಮ ಜಿಲ್ಲೆಯ ಒಳಗೇ ಶೃಂಗೇರಿ, ಕೊಪ್ಪದ ಮಳೆಗೂ ಕಡೂರಿನ ಮಳೆಗೂ ಅಜಗಜಾಂತರ. ಕಡೂರಿನಲ್ಲಿ ಚೆನ್ನಾಗಿ ನಿಂತ ಕೆಲಸ ಮೂಡಿಗೆರೆಯಲ್ಲೂ ನಿಲ್ಲುತ್ತದೆ ಎಂದೇನಿಲ್ಲ. ಹಾಸನದ ಕಂಪನಿಯಾದರೆ ಅವರು ಸಕಲೇಶಪುರದ ಕಡೆ ಮಾಡಿದ ಮನೆಗಳ ವಿಳಾಸ ಕೇಳಿ.

ಚಿಕ್ಕಮಗಳೂರಿನಲ್ಲಿ ನಮಗೊಂದು ಅನುಕೂಲ ಇದೆ, ಇದನ್ನು ಬಹಳ ಜನ ಯೋಚಿಸಿಲ್ಲ. ಇಲ್ಲಿ ಎಲ್ಲಿ ನೋಡಿದರೂ ಹೋಂಸ್ಟೇ. ಕಂಪನಿಯವರು ತಾವು ಮಾಡಿದ ಕೆಲಸ ತೋರಿಸುವಾಗ "ಆ ಹೋಂಸ್ಟೇ ಬಾತ್‌ರೂಮ್ ಎಲ್ಲ ನಮ್ದೇ" ಎನ್ನುತ್ತಾರೆ. ಸರಿ, ಆ ಹೋಂಸ್ಟೇ ಹೆಸರು ತೆಗೆದುಕೊಂಡು ಅದರ ರಿವ್ಯೂ ಓದಿ. ಉಳಿದುಕೊಂಡು ಹೋದ ಅತಿಥಿಗಳಿಗೆ ಬಚ್ಚಲು ಕಟ್ಟಿದವರು ಯಾರೆಂದು ಗೊತ್ತಿಲ್ಲ, ದಾಕ್ಷಿಣ್ಯವೂ ಇಲ್ಲ. "ಬಾತ್‌ರೂಮಿನಲ್ಲಿ ನೀರು ನಿಲ್ಲುತ್ತದೆ", "ರಾತ್ರಿ ವಾಸನೆ ಬರುತ್ತದೆ", "ಗೋಡೆಯಲ್ಲಿ ಬೂಷ್ಟು" ಎಂದು ಆಗಸ್ಟ್‌ನ ಮಳೆಯಲ್ಲೇ ಕೂತು ಬರೆಯುತ್ತಾರೆ. ಕೆಲಸ ಮುಗಿದು ಎರಡು ಮೂರು ಮಳೆಗಾಲದ ನಂತರವೂ ಬರೆಯುತ್ತಲೇ ಇರುತ್ತಾರೆ. ಬಚ್ಚಲು ರಿಪೇರಿ ಕಂಪನಿಯ ಬಗ್ಗೆ ಇದಕ್ಕಿಂತ ಒಳ್ಳೆಯ ರಿವ್ಯೂ ಆ ಕಂಪನಿಯ ಪೇಜಿನಲ್ಲೂ ಸಿಗುವುದಿಲ್ಲ.

ಇಷ್ಟು ಓದಿ ಎರಡು ಮೂರು ಹೆಸರಿಗೆ ಇಳಿದ ಮೇಲೆ ಫೋನ್ ಮಾಡಿ. ಹಳೇ ಗ್ರಾಹಕರ ನಂಬರ್ ಕಂಪನಿಯವರನ್ನೇ ಕೇಳಿ, ಎರಡು ವರ್ಷ ಹಿಂದಿನದೇ ಬೇಕು ಎನ್ನಿ. "ಚೆನ್ನಾಗಿದೆಯಾ?" ಎಂದು ಕೇಳಿದರೆ "ಚೆನ್ನಾಗಿದೆ" ಎಂದೇ ಬರುತ್ತದೆ. ನಾನು ಕೇಳುವುದು ಹೀಗೆ: "ಇನ್ನೊಂದು ಬಚ್ಚಲು ಮಾಡಿಸೋದಾದ್ರೆ ಇವರಿಗೇ ಕೊಡ್ತೀರಾ?" ಆ ಕಡೆಯವರು ಥಟ್ಟನೆ ಹೂಂ ಎಂದರೆ ಒಂದು, "ಅಂ... ಕೊಡಬಹುದು" ಎಂದು ಎಳೆದರೆ ಇನ್ನೊಂದು. ಸಾಧ್ಯವಾದರೆ ಹೋಗಿ ನೋಡಿ. ಕಾಫಿ ಕುಡಿಯುತ್ತಾ ಬಚ್ಚಲಿನ ಕೆಳಗಿನ ಕೋಣೆ ಯಾವುದು ಎಂದು ಕೇಳಿ, ಅಲ್ಲಿ ತಲೆ ಎತ್ತಿ ಸೀಲಿಂಗ್ ನೋಡಿ. ಮೇಲೆ ಬಂದು ನೆಲಕ್ಕೆ ಒಂದು ಚೊಂಬು ನೀರು ಚೆಲ್ಲಿ. ಎಂಟು ಅಡಿ ಉದ್ದದ ಬಚ್ಚಲಿಗೆ ಒಂದೂಕಾಲು ಇಂಚಿನಷ್ಟಾದರೂ ವಾಟ ಬೇಕು. ವಾಟ ಸರಿಯಿದ್ದರೆ ನೀರು ಟ್ರ್ಯಾಪ್ ಕಡೆ ತಾನಾಗಿ ಓಡುತ್ತದೆ. ಬಾಗಿಲ ಬಳಿ ನಿಂತರೆ ದಿನಾ ಯಾರಾದರೂ ವೈಪರ್ ಹಿಡಿಯಬೇಕು. ಒಂದು ರೂಪಾಯಿ ನಾಣ್ಯದಿಂದ ಟೈಲ್ಸ್ ತಟ್ಟಿ. ಟೊಳ್ಳು ಸದ್ದು ಬಂದರೆ ಕೆಳಗೆ ಗಾರೆ ಪೂರ್ತಿ ತುಂಬಿಲ್ಲ.

ನಿಮ್ಮ ಮನೆಯ ಕೆಲಸಕ್ಕೆ ಒಪ್ಪಂದ ಬರೆಯುವಾಗ ಒಂದು ಸಾಲು ಸೇರಿಸಿ. ಟೈಲ್ಸ್ ಹಾಕುವ ಮುಂಚೆ ಟ್ರ್ಯಾಪ್ ಮುಚ್ಚಿ 48 ಗಂಟೆ ನೀರು ಕಟ್ಟಿ ನಿಲ್ಲಿಸಬೇಕು, ಆಮೇಲೇ ಮುಂದಿನ ಕಂತು. ಕೊನೆಯ ಶೇಕಡಾ 10ರಷ್ಟು ದುಡ್ಡು ಒಂದು ಮಳೆಗಾಲ ಕಳೆದ ಮೇಲೆ ಎಂದು ಕೇಳಿ ನೋಡಿ. ಎಲ್ಲರೂ ಒಪ್ಪುವುದಿಲ್ಲ. ಆದರೆ ಒಪ್ಪದವರು ಏನು ಕಾರಣ ಕೊಡುತ್ತಾರೆ ಎಂಬುದನ್ನು ಗಮನವಿಟ್ಟು ಕೇಳಿ. ಬಿಲ್ ತೆಗೆದುಕೊಳ್ಳುವುದನ್ನು ಬಿಡಬೇಡಿ. ಕೆಲಸ ಕೆಟ್ಟು ಅವರು ಕೈಕೊಟ್ಟರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಅವಧಿ ಇದೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಬೆಂಗಳೂರಿನದ್ದಾದರೂ.

ನಮ್ಮ ಬಚ್ಚಲನ್ನು ಹೋದ ಮಾರ್ಚ್‌ನಲ್ಲಿ ಎರಡನೇ ಸಲ ಮಾಡಿಸಿದೆವು. ಈ ಸಲದ ಮೇಸ್ತ್ರಿಗೆ ಗೂಗಲ್‌ನಲ್ಲಿ ಪೇಜೇ ಇರಲಿಲ್ಲ. ಅವರು ಆರು ವರ್ಷದ ಹಿಂದೆ ಮಾಡಿದ ಒಂದು ಬಚ್ಚಲಿನ ಕೆಳಗೆ ನಿಂತು ಸೀಲಿಂಗ್ ನೋಡಿ ಬಂದೆ. ನಮ್ಮಲ್ಲಿ ಕೋಟಿಂಗ್ ಆರಿದ ಮೇಲೆ ಟ್ರ್ಯಾಪಿಗೆ ಬಟ್ಟೆ ತುರುಕಿ, ಎರಡಿಂಚು ನೀರು ನಿಲ್ಲಿಸಿ, ಗೋಡೆ ಮೇಲೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಎರಡು ದಿನ ಮನೆಮಂದಿಯೆಲ್ಲ ಸರದಿಯಲ್ಲಿ ಹೋಗಿ ಆ ಗೆರೆ ನೋಡಿ ಬಂದೆವು. ಅಮ್ಮ ಮಾತ್ರ ಮೇಲೆ ಹತ್ತಲಿಲ್ಲ. ತನ್ನ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಸೀಲಿಂಗ್ ನೋಡುತ್ತಾ ಕೂತಿದ್ದಳು.

ಮೇಸ್ತ್ರಿಯ ಮಗಳು ಈಗ ಅಪ್ಪನಿಗೆ ಒಂದು ಪೇಜ್ ಮಾಡಿಕೊಟ್ಟಿದ್ದಾಳೆ. ಅದರಲ್ಲಿ ಮೊದಲ ರಿವ್ಯೂ ನನ್ನದು. ಕೆಲಸ ಮುಗಿದಿದ್ದು ಮಾರ್ಚ್‌ನಲ್ಲಿ, ಬರೆದಿದ್ದು ಅಕ್ಟೋಬರ್‌ನಲ್ಲಿ. "ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ನಾಲ್ಕೂ ಮಳೆ ಹೊಡೆಯಿತು. ಕೆಳಗಿನ ಕೋಣೆ ಸೀಲಿಂಗ್ ಒಣಗಿದೆ. ಫೋಟೋ ಹಾಕಿದ್ದೇನೆ. ಮುಂದಿನ ಮಳೆಗಾಲ ಆದ ಮೇಲೆ ಮತ್ತೆ ಬರೆಯುತ್ತೇನೆ." ಮೊದಲಿನ ಕಂಪನಿಗೆ ಕೊಟ್ಟ ಐದು ಸ್ಟಾರನ್ನೂ ಅವತ್ತೇ ಕೂತು ತಿದ್ದಿದೆ. ಹುಡುಗರು ಒಳ್ಳೆಯವರು ಎಂಬ ಮಾತನ್ನು ಹಾಗೇ ಬಿಟ್ಟಿದ್ದೇನೆ.